ಕಡತ ಹಂಚಿಕೆಯಲ್ಲಿ ಶುದ್ಧಿ ಮತ್ತು ಪೂರ್ಣತೆ

ಬೃಹತ್ ಕಡತವೊಂದನ್ನು ಒಂದೇ ಗಣಕಯಂತ್ರದಿಂದ ಅನೇಕರು ಏಕಕಾಲಕ್ಕೆ ಇಳಿಸಿಕೊಳ್ಳತೊಡಗಿದರೆ ಆ ಯಂತ್ರದ ಭಾರ ಹೆಚ್ಚಿ ವೇಗ ಕುಂದುವುದು. ಇದಕ್ಕೆ ಪರಿಹಾರವಾಗಿ ಅಮೆರಿಕದ ಬ್ರಾಮ್ ಕೋಹೆನ್ ಅವರು 2001ರಲ್ಲಿ ಬಿಟ್‌ಟೊರೆಂಟ್ ಎಂಬ ಕ್ರಮವನ್ನು ರೂಪಿಸಿದರು. ಇದರಲ್ಲಿ ಕಡತವು ತುಣುಕುಗಳಾಗಿ ವಿಭಾಗಗೊಳ್ಳುತ್ತದೆ. ಪಡೆಯುವವನು ತನಗೆ ಬಂದ ತುಣುಕನ್ನು ಆಗಲೇ ಇತರರಿಗೆ ನೀಡತೊಡಗುತ್ತಾನೆ.

ಅಪರಿಚಿತರಿಂದ ಬಂದ ತುಣುಕನ್ನು ನಂಬುವುದೆಂತು? ಪ್ರತಿಯೊಂದು ತುಣುಕಿನ ಒಳವಸ್ತುವಿನಿಂದಲೇ ಗಣಿಸಿದ ಹ್ಯಾಷ್ ಎಂಬ ಮುದ್ರೆಯು, ಮೂಲ ಕ್ರಮದಲ್ಲಿ 20 ಬೈಟುಗಳಷ್ಟು, ಟೊರೆಂಟ್ ಪತ್ರದಲ್ಲಿ ಮೊದಲೇ ದಾಖಲಾಗಿರುತ್ತದೆ. ಬಂದ ತುಣುಕಿನ ಮುದ್ರೆಯನ್ನು ಗಣಿಸಿ ಅದರೊಡನೆ ತಾಳೆ ನೋಡಲಾಗುವುದು. ತಾಳೆಯಾಗದುದನ್ನು ತ್ಯಜಿಸಿ ಪುನಃ ತರಿಸಲಾಗುವುದು. ನಡುವೆ ಸಂಪರ್ಕ ಕಡಿದರೂ ತಾಳೆಯಾದ ಭಾಗ ವ್ಯರ್ಥವಾಗದು.

ಆದರೆ ಎರಡು ಮಿತಿಗಳುಂಟು. ಮುದ್ರೆಯು ಪ್ರತಿಯು ಮೂಲದಂತಿದೆಯೆಂದು ಸಾರುವುದೇ ಹೊರತು ಮೂಲವು ನಿರ್ದುಷ್ಟವೆಂದು ಸಾರದು. ಆದುದರಿಂದ ಟೊರೆಂಟ್ ಪತ್ರವನ್ನು ಕಡತದ ಮೂಲ ಪ್ರಕಾಶಕರಿಂದಲೇ ಪಡೆಯತಕ್ಕದ್ದು. ಎರಡನೆಯದಾಗಿ, ಒಂದೇ ಒಂದು ತುಣುಕು ಯಾರಲ್ಲಿಯೂ ಉಳಿಯದಿದ್ದರೆ ಶೇಕಡಾ 99 ಬಂದ ಕಡತವೂ ಅಪೂರ್ಣವೇ. ಇದನ್ನು ತಪ್ಪಿಸಲೆಂದೇ ವಿರಳವಾದ ತುಣುಕನ್ನು ಮೊದಲು ಹಂಚುವ ನಿಯಮವಿದೆ. ಆದರೂ ಎಲ್ಲರೂ ಪಡೆದೊಡನೆ ತೆರಳಿದರೆ ಆ ನಿಯಮವೂ ನಿಷ್ಫಲ. ತುಣುಕಿನ ಶುದ್ಧಿಯನ್ನು ಗಣಿತವು ಕಾಯುವುದು. ಕಡತದ ಪೂರ್ಣತೆಯನ್ನು ಪಡೆದವರೇ ಕಾಯಬೇಕು.