ಒಂದೇ ಗಣಕಯಂತ್ರ, ಎರಡು ಕೆಲಸ

ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯ ಮನೆಗಳಲ್ಲಿ ತಾಯಿಯು ಹಂಚಿನ ಮೇಲೆ ರೊಟ್ಟಿಯನ್ನು ಹಾಕಿ, ಅದು ಬೇಯುವಷ್ಟರಲ್ಲಿ ಮುಂದಿನ ರೊಟ್ಟಿಯನ್ನು ಬಡಿಯುತ್ತಾಳೆ. ನಡುವೆ ಪಲ್ಯವನ್ನೂ ಕೈಯಾಡಿಸುತ್ತಾಳೆ. ಆಕೆಗಿರುವ ಮನಸ್ಸು ಒಂದೇ. ಆದರೂ ಮೂರು ಕೆಲಸಗಳು ಕೂಡಿಯೇ ಸಾಗುವಂತೆ ತೋರುತ್ತವೆ. ಒಂದು ಕೆಲಸವು ಕಾಯುವ ಹೊತ್ತನ್ನು ಇನ್ನೊಂದಕ್ಕೆ ಕೊಡುವುದೇ ಇದರ ಗುಟ್ಟು. ಒಂದು ಸಾರಿಗೆ ಒಂದೇ ಕೆಲಸವನ್ನು ಮಾಡಲಿಕ್ಕೆ ಏರ್ಪಟ್ಟ ಗಣಕಯಂತ್ರದಲ್ಲಿಯೂ ಇದೇ ಗುಟ್ಟು ಹೇಗೆ ನಡೆಯಿತೆಂಬದನ್ನು ವಿಚಾರಿಸೋಣ.

೧೯೮೧ನೆಯ ಇಸವಿಯಲ್ಲಿ ಬಂದ ಎಂ.ಎಸ್.-ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು ಒಂದು ಕೆಲಸ ಮುಗಿದ ಹೊರತು ಇನ್ನೊಂದನ್ನು ಆರಂಭಿಸುತ್ತಿರಲಿಲ್ಲ. ಆದರೆ ಯಂತ್ರದೊಳಗಿನ ಗಡಿಯಾರವು ಸೆಕೆಂಡಿಗೆ ಸುಮಾರು ೧೮ ಸಾರಿ ಪ್ರೊಸೆಸರನ್ನು ತಟ್ಟಿ ಕರೆಯುತ್ತಿತ್ತು. ಜಾಣರು ಚಿಕ್ಕದೊಂದು ಪ್ರೋಗ್ರಾಮನ್ನು ಸ್ಮೃತಿಯಲ್ಲಿ ನೆಲೆಗೊಳಿಸಿ, ಆ ಕರೆ ಬಂದಾಗ ಅದು ಎಚ್ಚರಗೊಳ್ಳುವಂತೆ ಮಾಡಿದರು. ಅದು ಮೊದಲು, ನಡೆಯುತ್ತಿದ್ದ ಕೆಲಸದ ಅಂಕೆಗಳನ್ನೂ ನಿಂತ ಸ್ಥಳವನ್ನೂ ಬರೆದಿಟ್ಟು, ತನ್ನ ಸ್ವಲ್ಪ ಕೆಲಸವನ್ನು ಮಾಡಿ, ಬಳಿಕ ಎಲ್ಲವನ್ನೂ ಇದ್ದ ಹಾಗೆಯೇ ಒಪ್ಪಿಸಿ ಸುಮ್ಮನಾಗುತ್ತಿತ್ತು. ೧೯೮೩ರ ಡಾಸ್ ೨.೦ದಲ್ಲಿ ಬಂದ ಪ್ರಿಂಟ್ ಎಂಬ ಆಜ್ಞೆಯು ಹೀಗೆ ಹಿಂದುಗಡೆ ಒಂದು ಕಾಗದವನ್ನು ಅಚ್ಚುಹಾಕುತ್ತಿರಲು, ಮುಂದುಗಡೆ ಬೇರೊಂದು ಪತ್ರವನ್ನು ಬರೆಯಬಹುದಾಗಿತ್ತು.

ಆದರೆ ಇದರಲ್ಲಿ ಅಪಾಯವುಂಟು. ಡಾಸ್ ಡಿಸ್ಕಿನ ಮೇಲೆ ಬರೆಯುತ್ತಿರುವಾಗಲೇ ಎರಡನೆಯ ಪ್ರೋಗ್ರಾಮು ಅದನ್ನು ಕರೆದರೆ, ಮೊದಲಿನ ಲೆಕ್ಕವು ಅಳಿಸಿ ಕಡತವೇ ಕೆಟ್ಟುಹೋಗಬಹುದು. ಯಾಕಂದರೆ ಇಬ್ಬರ ಲೆಕ್ಕಗಳನ್ನು ಬೇರೆ ಬೇರೆ ಇಡುವ ಏರ್ಪಾಡು ಡಾಸಿನಲ್ಲಿರಲಿಲ್ಲ. ಆದಕಾರಣ ಡಾಸ್ ಕೆಲಸದಲ್ಲಿರುವಾಗ ಸ್ಮೃತಿಯಲ್ಲಿ ಒಂದು ಗುರುತು ಏಳುತ್ತಿತ್ತು. ಬಲ್ಲ ಪ್ರೋಗ್ರಾಮು ಅದನ್ನು ನೋಡಿ ತಾಳಿಕೊಳ್ಳುತ್ತಿತ್ತು. ಇಳಕಲ್ಲ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆಗಳಿಂದ ಕೂಡಿಸುವಾಗ ನೇಕಾರನನ್ನು ಕರೆಯುವುದು ತರವೇ? ಹಾಗೆಯೇ ಇದು.

೧೯೯೦ರ ವಿಂಡೋಸ್ ೩.೦ದಲ್ಲಿ ಅದಕ್ಕೆಂದೇ ಬರೆದ ಪ್ರೋಗ್ರಾಮುಗಳು ತಾವಾಗಿಯೇ ಸರದಿಯನ್ನು ಬಿಟ್ಟುಕೊಡಬೇಕಾಗಿತ್ತು. ಒಂದು ಹಟಮಾಡಿದರೆ ಉಳಿದವೆಲ್ಲ ನಿಲ್ಲುತ್ತಿದ್ದವು.

ಪ್ರಿಯ ಸಹೋದರಿಯರೇ, ಮನೆಯನ್ನೂ ಉದ್ಯೋಗವನ್ನೂ ಕೂಡಿಯೇ ನಡಿಸುವ ನಮಗೆ ಇದರಿಂದ ಮೂರು ಬುದ್ಧಿಗಳು ದೊರೆಯುತ್ತವೆ. ಬಿಟ್ಟ ಕೆಲಸದ ಗುರುತನ್ನು ಇಡಬೇಕು. ನಡುವೆ ಬಿಡಲಾಗದ್ದನ್ನು ಮುಗಿಸಿಯೇ ಏಳಬೇಕು. ಸರದಿಯನ್ನು ಒಬ್ಬರೇ ಹಿಡಿದುಕೊಳ್ಳಬಾರದು. ಬಹು ಕೆಲಸಗಳ ನಡುವೆ ಮಾರ್ಥಳು ಕಳವಳಪಟ್ಟದ್ದನ್ನು ಲೂಕನ ಸುವಾರ್ತೆಯಲ್ಲಿ ಓದಿದ್ದೇವಲ್ಲವೇ?

ಪಾಲಕರಿಗೂ ಒಂದು ಬಿನ್ನಹ. ಲೆಕ್ಕವನ್ನು ಬಿಡಿಸುತ್ತಿರುವ ಮಗಳನ್ನು ನೀರಿಗೆಂದು ಕರೆಯುವ ಮುನ್ನ, ಆ ಗುರುತು ಎದ್ದಿದೆಯೋ ಎಂದು ಒಮ್ಮೆ ನೋಡಿರಿ. ಕೊಡವು ಅರ್ಧ ತಾಸು ಕಾದೀತು; ನಡುವೆ ಕಡಿದ ಲೆಕ್ಕವನ್ನು ಆಕೆಯು ಮೊದಲಿನಿಂದಲೇ ಮಾಡಬೇಕಾದೀತು.