ಪೂಲ್ ಆಟ: ಮೊದಲು ಒಂದೇ ಹೊಡೆತ



ಇದೇ ಊರಿನ ಫಲಕನುಮಾ ಅರಮನೆಯಲ್ಲಿ ಬಿಲಿಯರ್ಡ್ಸ್ ಆಟಕ್ಕೆಂದೇ ಒಂದು ಕೋಣೆ ಉಂಟು. ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆಟವೆಂದರೆ ಒಂದು ಕಾಲಕ್ಕೆ ಅರಮನೆಗಳ, ದೊಡ್ಡ ಕ್ಲಬ್ಬುಗಳ ಸೊತ್ತು. ಇಂದು ಅದರ ತಮ್ಮನಾದ ಪೂಲ್ ಆಟವನ್ನು ಗಂಟೆಗಿಷ್ಟು ಎಂದು ಬಾಡಿಗೆ ತೆತ್ತು ಯಾರೂ ಆಡಬಹುದು. ನಮ್ಮ ತರುಣರೂ ರಜೆಯ ದಿನ ಆಡಲು ಹೋಗುತ್ತಾರೆ.

ಆದರೆ ಸೋತವನೇ ಬಾಡಿಗೆ ಕೊಡಬೇಕೆಂಬ ಒಪ್ಪಂದ ಹಲವೆಡೆ ನಡೆಯುತ್ತದೆ. ಹೊಸಬನು ವಾರ ವಾರವೂ ಸೋಲುತ್ತಾನೆ, ವಾರ ವಾರವೂ ಕೊಡುತ್ತಾನೆ. ಊರಿಗೆ ಕಳಿಸಬೇಕಾದ ಹಣದಲ್ಲಿ ಅಷ್ಟು ಕಡಮೆ ಬೀಳುತ್ತದೆ. ಆಡಬೇಡಿರೆಂದು ನಾವು ಹೇಳುವುದಿಲ್ಲ. ದಣಿದ ಮನಸ್ಸಿಗೆ ಆಟ ಬೇಕು. ಆದರೆ ಕೊಟ್ಟ ಹಣಕ್ಕೆ ಸ್ವಲ್ಪ ವಿದ್ಯೆಯಾದರೂ ಬರಬೇಕಷ್ಟೆ. ಅದಕ್ಕೆ ನಮಗೆ ತಿಳಿದ ಉಪಾಯವೆಂದರೆ, ಹತ್ತು ಬಗೆಯ ಹೊಡೆತಗಳ ಬೆನ್ನು ಹತ್ತದೆ ಒಂದನ್ನು ಕೈವಶ ಮಾಡಿಕೊಳ್ಳುವುದು. ಆ ಒಂದು ಯಾವುದೆಂದರೆ ‘ಸ್ಟಾಪ್ ಶಾಟ್’, ಅಂದರೆ ನಿಲ್ಲುವ ಹೊಡೆತ. ಇದರಲ್ಲಿ ಬಿಳಿ ಚೆಂಡು ಬಣ್ಣದ ಚೆಂಡನ್ನು ನೇರವಾಗಿ ಮುಟ್ಟಿ, ಮುಟ್ಟಿದಲ್ಲಿಯೇ ನಿಂತುಬಿಡುತ್ತದೆ.

ಕೇರಂ ಆಡಿದವರಿಗೆ ಇದು ಸೋಜಿಗವೆನಿಸಬಹುದು. ಕೇರಂನಲ್ಲಿ ಸ್ಟ್ರೈಕರಿನ ತೂಕ 15 ಗ್ರಾಮಿನವರೆಗೆ ಇರಬಹುದು, ಕಾಯಿಯದು ಸುಮಾರು ಐದೂವರೆ ಗ್ರಾಮು ಮಾತ್ರ. ಆದ್ದರಿಂದ ಸ್ಟ್ರೈಕರು ಕಾಯಿಯನ್ನು ಹೊಡೆದ ಮೇಲೂ ಮುಂದೆ ಸಾಗುತ್ತದೆ. ಪೂಲ್ ಆಟದಲ್ಲಿ ಎರಡೂಕಾಲು ಅಂಗುಲ ಅಡ್ಡಳತೆಯ ಚೆಂಡುಗಳೆಲ್ಲ ಹೆಚ್ಚುಕಡಮೆ ಸಮತೂಕದವು. ಬಿಳಿ ಚೆಂಡು ಉರುಳದೆ, ಬಟ್ಟೆಯ ಮೇಲೆ ಜಾರುತ್ತ ಹೋಗಿ ನೇರ ಮುಟ್ಟಿದರೆ ತನ್ನ ವೇಗವನ್ನೆಲ್ಲ ಕೊಟ್ಟು ನಿಲ್ಲುತ್ತದೆ. ಉರುಳುತ್ತ ಹೋಗಿ ಮುಟ್ಟಿದರೆ, ವೇಗ ಕೊಟ್ಟರೂ ಉರುಳಿಕೆ ಉಳಿದು ಅದನ್ನು ಮುಂದಕ್ಕೆ ಎಳೆಯುತ್ತದೆ.

ನಡುವಿಗಿಂತ ಸ್ವಲ್ಪ ಕೆಳಗೆ ಹೊಡೆದಾಗ ಚೆಂಡು ಹಿಮ್ಮುಖವಾಗಿ ಸುತ್ತುತ್ತ ಹೊರಡುತ್ತದೆ. ಬಟ್ಟೆಯ ಘರ್ಷಣೆ ಆ ಸುತ್ತನ್ನು ಸವೆಸುತ್ತ ಬರುತ್ತದೆ. ಸುತ್ತು ಪೂರ್ತಿ ಸವೆದ ಕ್ಷಣಕ್ಕೇ ಮುಂದಿನ ಚೆಂಡನ್ನು ಮುಟ್ಟುವಂತೆ ಹೊಡೆಯುವುದು ಈ ವಿದ್ಯೆಯ ಗುಟ್ಟು. ಆದ್ದರಿಂದ ದೂರ ಹೆಚ್ಚಿದಂತೆ ಇನ್ನೂ ಕೆಳಗೆ, ಇಲ್ಲವೆ ಇನ್ನೂ ಬಿರುಸಾಗಿ ಹೊಡೆಯಬೇಕು.

ಅಭ್ಯಾಸದ ಕ್ರಮ ಹೀಗೆ. ಕುಳಿಯಿಂದ ಒಂದು ಗೇಣು ದೂರ ಬಣ್ಣದ ಚೆಂಡು, ಅದರ ಹಿಂದೆ ಎರಡು ಗೇಣು ದೂರ ಬಿಳಿ ಚೆಂಡು, ಮೂರೂ ಒಂದೇ ಸಾಲಿನಲ್ಲಿರಲಿ. ಕೋಲಿನ ತುದಿಗೆ ಚಾಕ್ ಸವರಿರಿ. ಇಲ್ಲವಾದರೆ ತುದಿ ಜಾರುತ್ತದೆ. ಕೋಲನ್ನು ಆದಷ್ಟು ಮಟ್ಟಸವಾಗಿ ಹಿಡಿದು ಹತ್ತು ಬಾರಿ ಹೊಡೆಯಿರಿ. ಒಂದು ಚೀಟಿಯಲ್ಲಿ ಎರಡು ಕಲಮು ಗೆರೆ ಎಳೆದು, ಎಷ್ಟು ಬಿದ್ದವು, ಎಷ್ಟು ನಿಂತವು ಎಂದು ಬರೆದಿಡಿರಿ. ಹತ್ತರಲ್ಲಿ ಎಂಟು ಸಲ ಚೆಂಡು ಬಿದ್ದು ಬಿಳಿ ನಿಂತರೆ ಮಾತ್ರ ಬಿಳಿ ಚೆಂಡನ್ನು ಇನ್ನೊಂದು ಗೇಣು ಹಿಂದಕ್ಕೆ ಸರಿಸಬೇಕು, ಅಲ್ಲಿಯವರೆಗೆ ಸರಿಸಕೂಡದು.

ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರು 2003ರಲ್ಲಿ ಚೀನಾದಲ್ಲಿ ನಡೆದ ವಿಶ್ವ ಅಮೆಚೂರ್ ಸ್ನೂಕರ್ ಸ್ಪರ್ಧೆಯನ್ನು 18ನೆಯ ವಯಸ್ಸಿಗೇ ಗೆದ್ದರು. 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಬಿಲಿಯರ್ಡ್ಸ್ ಚಿನ್ನ ಪಡೆದರು. ಅವರನ್ನು ತಿದ್ದಲು ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ ಸವೂರರಂಥ ಗುರುಗಳಿದ್ದರು. ನಮಗೆ ಅಂಥ ಗುರುಗಳು ಎಲ್ಲಿಂದ ಬರಬೇಕು? ಈ ಹೊಡೆತದ ದೊಡ್ಡ ಗುಣವೇ ಇದು: ಇದರಲ್ಲಿ ಬಿಳಿ ಚೆಂಡೇ ಗುರುವಾಗಿ ತಪ್ಪು ತೋರಿಸುತ್ತದೆ. ಬಿಳಿ ಚೆಂಡು ಮುಂದೆ ಉರುಳಿತೇ? ನೀವು ಹೊಡೆದದ್ದು ಮೇಲಾಯಿತು, ಇಲ್ಲವೆ ಮೆಲ್ಲಗಾಯಿತು. ಹಿಂದೆ ಬಂದಿತೇ? ತೀರ ಕೆಳಗಾಯಿತು. ಪಕ್ಕಕ್ಕೆ ಸರಿಯಿತೇ? ನೇರ ಮುಟ್ಟಲಿಲ್ಲ. ನಿಂತಲ್ಲಿಯೇ ಬುಗುರಿಯಂತೆ ತಿರುಗಿತೇ? ಕೋಲು ನಡುಗೆರೆಯ ಎಡಕ್ಕೋ ಬಲಕ್ಕೋ ತಾಗಿತು. ತಪ್ಪು ಇಂಥದೆಂದು ತಿಳಿದ ಮೇಲೆ ತಿದ್ದುವುದು ಕಷ್ಟವಲ್ಲ.

ಪಂದ್ಯದಲ್ಲಿ ಇದರ ಪ್ರಯೋಜನ ಎರಡು. ಮೊದಲನೆಯದು, ಬಿಳಿ ಚೆಂಡು ಎಲ್ಲಿ ನಿಲ್ಲುವುದೆಂದು ಮುಂಚೆಯೇ ತಿಳಿದಿರುವುದರಿಂದ ಮುಂದಿನ ಚೆಂಡನ್ನು ಆರಿಸಿಕೊಳ್ಳಬಹುದು. ಎರಡನೆಯದು, ಬಣ್ಣದ ಚೆಂಡಿನ ಹಿಂದೆಯೇ ಬಿಳಿಯೂ ಕುಳಿಗೆ ಬೀಳುವ ಅಪಾಯ ತಪ್ಪುತ್ತದೆ. ಎಂಟರ ಆಟದಲ್ಲಿ ಕೊನೆಯ ಕಪ್ಪು ಚೆಂಡಿನೊಡನೆ ಬಿಳಿಯೂ ಬಿದ್ದರೆ, ಗೆದ್ದ ಆಟವೇ ಸೋಲಾಗುತ್ತದೆ. ಹೊಸಬರು ಬಾಡಿಗೆ ತೆರುವುದು ಬಹುಮಟ್ಟಿಗೆ ಇಂಥ ಸೋಲುಗಳಿಗೆ.

ನೇರ ಹೊಡೆತ ಕೈಗೆ ಬಂದ ಮೇಲೆ ಕೊಂಚ ಓರೆಯಾಗಿ ಇಟ್ಟು ಹೊಡೆಯಿರಿ. ಉರುಳದೆ ಜಾರಿ ಬಂದ ಬಿಳಿ ಚೆಂಡು ಆಗ ನಿಲ್ಲದೆ, ಬಣ್ಣದ ಚೆಂಡು ಹೋದ ದಾರಿಗೆ ಸರಿಸುಮಾರು ಲಂಬವಾಗಿ ಹೊರಡುತ್ತದೆ. ಕಲಿತ ಒಂದೇ ಹೊಡೆತದಿಂದ ಎರಡನೆಯ ಪಾಠವೂ ತಾನಾಗಿ ತೆರೆಯುತ್ತದೆ.

ಗಂಟೆಯ ಬಾಡಿಗೆ ತೆತ್ತರೆ ಮೊದಲ ಇಪ್ಪತ್ತು ನಿಮಿಷ ಈ ಅಭ್ಯಾಸಕ್ಕೆ, ಉಳಿದದ್ದು ಆಟಕ್ಕೆ ಎಂದು ಹಂಚಿಕೊಳ್ಳಿರಿ. ಬಾಡಿಗೆಯನ್ನು ಸಮನಾಗಿ ಕೊಡಲು ಒಪ್ಪುವ ಗೆಳೆಯನನ್ನೇ ಜೊತೆಗೆ ಕರೆದುಕೊಂಡು ಹೋಗಿರಿ. ಹತ್ತಕ್ಕೆ ಎಂಟು ಎಂದು ನಿಮ್ಮ ಚೀಟಿ ಹೇಳುವವರೆಗೆ, ಸೋತವನು ಕೊಡುವ ಪಂದ್ಯಕ್ಕೆ ಯಾರು ಕರೆದರೂ ಒಪ್ಪಬೇಡಿರಿ.