ಎಣ್ಣೆ ಸೋರಿದರೆ ಹಕ್ಕಿ ಎಲ್ಲಿ? ಇಎಸ್‌ಐ ನಕ್ಷೆಯ ಟಿಪ್ಪಣಿ

ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುತ್ತವೆ. ಮೇ ತಿಂಗಳಲ್ಲಿ ಹುಡುಕಿ ಹೋದರೆ ಖಾಲಿ ನೀರು. ಹಕ್ಕಿಗಳ ನಕ್ಷೆಗೆ ಜಾಗದಷ್ಟೇ ತಿಂಗಳೂ ಮುಖ್ಯ. ಕರಾವಳಿಗೂ ಇದೇ ಲೆಕ್ಕ.

2006ರ ಮೇ 30ರಂದು ಕಾರವಾರದ ಬಳಿ 'ಓಷನ್ ಸೆರಾಯಾ' ಹಡಗು ಬಂಡೆಗೆ ಸಿಕ್ಕಿ ನೂರಾರು ಟನ್ ಇಂಧನ ತೈಲ ಸಮುದ್ರ ಸೇರಿತು. ಜಿಡ್ಡು ಗೋವಾ ತೀರಕ್ಕೂ ಹರಡಿತು. ವಲಸೆಯ ಗೊರವಗಳು ಅಷ್ಟರಲ್ಲಿ ಬಹುಪಾಲು ಉತ್ತರಕ್ಕೆ ಮರಳಿರುತ್ತವೆ. ಡಿಸೆಂಬರಿನಲ್ಲಾಗಿದ್ದರೆ ಕಥೆಯೇ ಬೇರೆ.

ಎಣ್ಣೆ ಮೆತ್ತಿದ ಗರಿ ಒಂದಕ್ಕೊಂದು ಅಂಟಿ, ನಡುವಿನ ಗಾಳಿಯ ಪದರ ಹೋಗಿ, ನೀರು ನೇರ ಚರ್ಮಕ್ಕಿಳಿಯುತ್ತದೆ. ಮೈ ತಣ್ಣಗಾಗುತ್ತದೆ. ಕೊಕ್ಕಿನಿಂದ ಗರಿ ತೀಡಿಕೊಂಡರೆ ವಿಷ ಹೊಟ್ಟೆಗೆ.

ಎಣ್ಣೆ ಸೋರಿದರೆ ಯಾವ ತೀರಕ್ಕೆ ಎಷ್ಟು ಅಪಾಯವೆಂದು ತೋರಿಸುವ ನಕ್ಷೆಯೊಂದಿದೆ. ಪರೀಕ್ಷೆಗೆ ನೆನಪಿಡಬೇಕಾದ ಅದರ ಹೆಸರು ಪರಿಸರ ಸೂಕ್ಷ್ಮತಾ ಸೂಚ್ಯಂಕ, ಅಂದರೆ ಇಎಸ್‌ಐ. ಅಮೆರಿಕದ ನೋವಾ ಸಂಸ್ಥೆ ಬಳಸುವ ಈ ನಕ್ಷೆಯಲ್ಲಿ ತೀರಕ್ಕೆ 1ರಿಂದ 10ರ ದರ್ಜೆ: ಅಲೆ ಬಡಿಯುವ ಬಂಡೆಗೆ 1, ಕಾಂಡ್ಲಾ ಕಾಡು ಹಾಗೂ ಜೌಗಿಗೆ 10. (ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು, ತಿರುಗುಮುರುಗು ಬರೆದು ಅಂಕ ಕಳೆದುಕೊಳ್ಳಬೇಡಿ.) ಹಕ್ಕಿಗೆ ಹಸಿರು ಚಿಹ್ನೆ, ಜತೆಗೆ ಅವು ಯಾವ ತಿಂಗಳು ಇರುತ್ತವೆ, ಗೂಡು ಯಾವಾಗ ಎಂಬ ಪಟ್ಟಿ.

ಭಾರತದಲ್ಲಿ ಸೋರಿಕೆ ಎದುರಿಸುವ ಹೊಣೆ ಕರಾವಳಿ ಕಾವಲು ಪಡೆಯದು. ಎಣ್ಣೆ ಎತ್ತ ತೇಲೀತೆಂದು ಮುನ್ಸೂಚನೆ ಕೊಡುವುದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್. ರಾಜ್ಯದಲ್ಲಿ ಗಮನಿಸಬೇಕಾದದ್ದು ಕುಮಟಾದ ಅಘನಾಶಿನಿ ಅಳಿವೆ: ಕಾಂಡ್ಲಾ, ಕೆಸರು ಬಯಲು ಎರಡೂ ಇರುವ ಇದು 2024ರಲ್ಲಿ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣವಾಯಿತು. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ.